ಒಂಬತ್ತು ಬೆರಳಿನ ಕೀಬೋರ್ಡು

ಯಾರದಾದರೂ ನಕಲು ಮಾಡುವಾಗ ನಾನು ಗಂಟಲಿನಿಂದ ಶುರು ಮಾಡುವುದಿಲ್ಲ, ಮೈಯಿಂದ ಶುರು ಮಾಡುತ್ತೇನೆ. ಬೀದರದ ಚಿದ್ರಿಯಲ್ಲಿ ನಮ್ಮ ಓಣಿಯ ಕಿರಾಣಿ ಅಂಗಡಿಯವರು ಮಾತಾಡುವ ಮೊದಲು ಎಡ ಭುಜ ಎತ್ತುತ್ತಾರೆ. ನಾನೂ ಅಷ್ಟು ಎತ್ತಿದರೆ ಸಾಕು. ಕುತ್ತಿಗೆ ತಾನೇ ಸಣ್ಣದಾಗುತ್ತದೆ, ಮೂಗು ಬಿಗಿಯುತ್ತದೆ, "ಸಕ್ರಿ ನಾಳಿ ಬರ್ತದ್ರಿ" ಎಂಬ ಮಾತು ಅವರ ದನಿಯಲ್ಲೇ ಹೊರಬೀಳುತ್ತದೆ. ನಮ್ಮ ಗೋದಾಮಿನ ಮ್ಯಾನೇಜರರಿಗಾದರೆ ಹೊಟ್ಟೆ ಮುಂದೆ ತಳ್ಳಬೇಕು. ನನ್ನ ನಕಲು ಮಾತ್ರ ಯಾರೂ ಮಾಡುವುದಿಲ್ಲ. ಒಮ್ಮೆ ನಾನೇ ಕನ್ನಡಿ ಮುಂದೆ ನಿಂತು ಮಾಡಿ ನೋಡಿದೆ. ಎತ್ತಲು ಭುಜವಿಲ್ಲ, ತಳ್ಳಲು ಹೊಟ್ಟೆಯಿಲ್ಲ. ಗೂಟಕ್ಕೆ ಅಂಗಿ ತೂಗುಹಾಕಿದಂತೆ ಒಬ್ಬ ನಿಂತಿದ್ದ.

ನಮ್ಮ ಮನೆಯಲ್ಲಿ ಒಂದು ರೂಢಿ. ನಾನು ಹೊರಗಿನಿಂದ ಬಂದು ಬಾಗಿಲು ತಳ್ಳಿದ ಕೂಡಲೇ ಅವ್ವ ಅಡುಗೆಮನೆಯಿಂದಲೇ ಕೇಳುತ್ತಾಳೆ: "ಯಾರು ಬಂದೀರಿ?" ನಾನು ಯಾರದಾದರೂ ದನಿಯಲ್ಲಿ ಉತ್ತರ ಕೊಡಬೇಕು, ಆಕೆ ಯಾರೆಂದು ಹೇಳಬೇಕು. ಆಕೆ ಸೋತದ್ದು ಕಡಿಮೆ. ಆಮೇಲೆ ನಾನು ಭುಜ ಇಳಿಸುತ್ತೇನೆ, ಬಂದವರು ಹೋಗುತ್ತಾರೆ, ನಾನು ಚಾ ಕುಡಿಯುತ್ತೇನೆ. ನಕಲು ಮಾಡುವುದೇನು, ಮಂಗನಿಗೂ ಬರುತ್ತದೆ. ಬಿಟ್ಟು ಬರುವುದು ಬರಬೇಕು. ನನಗೆ ಬರುತ್ತಿತ್ತು, ಹೋದ ವರ್ಷ ಭಾಲ್ಕಿಯಲ್ಲಿ ಒಂದು ಹಳೆಯ ಕೀಬೋರ್ಡು ಕೊಳ್ಳುವ ತನಕ.

ಊರ ಹೊರಗಿನ ಕೊಳಾರದ ಒಂದು ಗೋದಾಮಿನಲ್ಲಿ ನಾನು ಗೇಟ್ ಪಾಸ್ ಟೈಪ್ ಮಾಡುವವನು. ಜೊತೆಗೆ ಗುಮಾಸ್ತನ ಕೆಲಸಕ್ಕೆಂದು ಟೈಪಿಂಗ್ ಪರೀಕ್ಷೆಗೆ ಕೂಡುತ್ತಿದ್ದೆ. ಎರಡು ಸಲ ಬಿದ್ದಿದ್ದೆ. ಎರಡೂ ಸಲ ಮನೆಯಲ್ಲಿ, "ಅಲ್ಲಿಯ ಕೀಬೋರ್ಡ್ ಸರಿ ಇರಲಿಲ್ಲ" ಎಂದು ಹೇಳಿ ಪಾರಾಗಿದ್ದೆ. ಮೂರನೆಯ ಸಲದ ಸೂಚನೆಯಲ್ಲಿ, ಅಭ್ಯರ್ಥಿಗಳು ತಮ್ಮದೇ ಕೀಬೋರ್ಡು ತರಬಹುದು ಎಂದು ಬರೆದಿತ್ತು. ಅವ್ವ ಅದನ್ನು ನನ್ನಿಂದಲೇ ಎರಡು ಸಲ ಓದಿಸಿ, "ಇನ್ನ ಏನು ನೆಪ ಹೇಳ್ತಿ?" ಎಂದಳು. ಹಾಗಾಗಿ ಒಳ್ಳೆಯ ಕೀಬೋರ್ಡು ತರಲೇಬೇಕಾಯಿತು. ನನಗೆ ಬೇಕಾದದ್ದು ಮೆಕ್ಯಾನಿಕಲ್ ಕೀಬೋರ್ಡು. ಅದರಲ್ಲಿ ಒಂದೊಂದು ಕೀಗೂ ಕೆಳಗೆ ಅದರದೇ ಸ್ವಿಚ್ಚು, ಅದರದೇ ಸ್ಪ್ರಿಂಗು. ಒತ್ತಿದರೆ ಹಳೆಯ ಟೈಪ್‌ರೈಟರಿನ ತಮ್ಮನಂತೆ ಟಕ್ ಎನ್ನುತ್ತದೆ. ಹೊಸದು ನನ್ನ ಸಂಬಳಕ್ಕೆ ಎಟುಕುವುದಲ್ಲ. ಭಾಲ್ಕಿಯಲ್ಲಿ ಬಸ್ ನಿಲ್ದಾಣದ ಹಿಂದೆ ಹಳೆಯ ಕಂಪ್ಯೂಟರು ಮಾರುವ ಒಬ್ಬರಿದ್ದಾರೆ, ಎಲ್ಲರೂ ಚಾಚಾ ಎನ್ನುತ್ತಾರೆ, ಅಲ್ಲಿ ಸಿಗುತ್ತದೆ ಎಂದು ಯಾರೋ ಹೇಳಿದರು.

ಚಾಚಾರ ಅಂಗಡಿಯಲ್ಲಿ ಮೌಸುಗಳನ್ನು ಬಾಲ ಹಿಡಿದು ಕಟ್ಟಿ ತೂಗುಹಾಕಿದ್ದರು. ನೋಡಿದರೆ ಬೇಟೆ ಆಡಿ ಬಂದವರ ಮನೆಯಂತಿತ್ತು.

"ಟಕ್ ಅನ್ನೂದು ಅದೇನ್ರಿ ಚಾಚಾ?"

"ಟಕ್ ಅನ್ನೂದೂ ಅದ, ಚುಪ್ ಇರೂದೂ ಅದ. ನಿನ್ನ ಮಾರಿ ನೋಡಿದ್ರ ಚುಪ್ ಇರೂದು ನಿನಗ ಆಗಿಬರಲ್ಲ ಮಿಯಾಂ." ಕಪಾಟಿನ ಮೇಲಿಂದ ಬಟ್ಟೆಯಲ್ಲಿ ಸುತ್ತಿದ್ದ ಒಂದನ್ನು ಇಳಿಸಿದರು. ಕಪ್ಪು, ಭಾರವಾದದ್ದು. "ಲೇಕಿನ್ ಕರೆಂಟ್ ಹೋಗ್ಯಾದ. ಹಚ್ಚಿ ತೋರಸ್ಲಕ ಆಗಲ್ಲ. ನಾಳಿ ಬಾ."

"ಹಚ್ಚೂದು ಬ್ಯಾಡ್ರಿ. ನನಗ ಕಿವಿ ಸಾಕು."

"ಕಿವಿಲೇ ಕೀಬೋರ್ಡ್ ನೋಡಾಂವ ನೀ ಒಬ್ಬನೇ ನೋಡು. ನಾಳಿ ವಾಪಸ್ ತಂದ್ರ ನಕ್ಕೋ ಅಂತೀನಿ, ಬ್ಯಾಡಂದ್ರ ಬ್ಯಾಡ. ಹೌ?"

"ಹೌ," ಎಂದೆ, ಅವರದೇ ದನಿಯಲ್ಲಿ. ಚಾಚಾ ಹುಬ್ಬು ಏರಿಸಿದರು, ಬೈಯಲಿಲ್ಲ.

ಕಣ್ಣು ಮುಚ್ಚಿ ಬಾರಿಸಿದೆ. ಎಷ್ಟು ಚೆಂದದ ದನಿ ಎಂದರೆ, ಒಣಗಿದ ತೊಗರಿಕಾಯಿ ಒಂದೊಂದೇ ಸಿಡಿದಂತೆ. ಬಲಗಡೆ ಎರಡು ಕೀಗಳ ದನಿ ಮಾತ್ರ ತುಸು ಬೇರೆಯಿತ್ತು, ಖಾಲಿ ಕೊಡ ಬಡಿದಂತೆ. ಹಳೆಯದಲ್ಲವೇ, ಇರಲಿ ಎಂದುಕೊಂಡೆ. ಕಣ್ಣಿರುವ ಯಾವನಾದರೂ ಮಾರನೆಯ ದಿನ ಬರುತ್ತಿದ್ದ. ನಾನು ಕಿವಿಯನ್ನು ನಂಬಿ ಬದುಕಿದವನು, ಬಟ್ಟೆಯ ಸಮೇತ ಎತ್ತಿಕೊಂಡು ಬಂದೆ.

ಮನೆಗೆ ಬಂದು ಕಂಪ್ಯೂಟರಿಗೆ ಹಚ್ಚಿದೆ. ಬಲಗೈಯ ಉಂಗುರದ ಬೆರಳಿನ ಕೆಳಗಿರುವ ಎರಡು ಕೀ, ಲ ಮತ್ತು ಒ, ಟಕ್ ಎನ್ನುತ್ತವೆ, ಪರದೆಯ ಮೇಲೆ ಏನೂ ಬೀಳುವುದಿಲ್ಲ. ಸತ್ತಿದ್ದವು. ಬೆಳಕಿಗೆ ಹಿಡಿದು ನೋಡಿದೆ. ಉಳಿದ ಕೀಗಳೆಲ್ಲ ಬೆರಳು ತಾಗಿ ತಾಗಿ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿದ್ದರೆ, ಆ ಎರಡು ಮಾತ್ರ ಹೊಸದಾಗಿ ಒರಟೊರಟಾಗಿದ್ದವು. ಅವನ್ನು ಯಾರೂ ಎಂದೂ ಮುಟ್ಟಿರಲಿಲ್ಲ.

ಚಾಚಾರಿಗೆ "ಹೌ" ಎಂದು ಬಂದಿದ್ದೆನಲ್ಲ, ವಾಪಸ್ಸು ಒಯ್ಯುವಂತಿರಲಿಲ್ಲ. ಸಿಟ್ಟಿನಲ್ಲಿ ಸಿಕ್ಕಸಿಕ್ಕ ಕೀ ಗುದ್ದಿದೆ. ಆಗ ಪರದೆಯ ಮೇಲೆ ಒಂದು ಲ ಬಿತ್ತು. ಸ್ಪೇಸ್ ಬಾರಿನ ಬಲಕ್ಕೆ, ಹೆಬ್ಬೆರಳು ಮಲಗುವಲ್ಲಿ, ಅಕ್ಷರ ಬರೆಯದ ಎರಡು ಕೀಗಳಿದ್ದವು. ಒಂದರಿಂದ ಲ, ಇನ್ನೊಂದರಿಂದ ಒ. ಉಂಗುರದ ಬೆರಳಿನ ಕೆಲಸವನ್ನೆಲ್ಲ ಯಾರೋ ಹೆಬ್ಬೆರಳಿಗೆ ವಹಿಸಿಕೊಟ್ಟಿದ್ದರು.

ಇದನ್ನು ತಮಾಷೆ ಎಂದೇ ಹಿಡಿದೆ. ಒಂದು ವಾರ ಕಷ್ಟವಾಯಿತು. ಕೆಲಸವಿಲ್ಲದ ಬೆರಳು ನಡುವೆ ಬಂದು ಸತ್ತ ಕೀ ಒತ್ತುತ್ತಿತ್ತು, ಅಕ್ಷರ ತಪ್ಪುತ್ತಿತ್ತು. ಅದನ್ನು ಮಡಚಿಟ್ಟುಕೊಂಡೆ. ಎರಡನೆಯ ವಾರ ವೇಗ ಹೆಚ್ಚಿತು. ಮೂರನೆಯ ವಾರ ನನ್ನ ಜನ್ಮದಲ್ಲಿ ಇಲ್ಲದ ವೇಗ ಬಂತು. ಒಂಬತ್ತು ಬೆರಳು ಓಡುತ್ತಿದ್ದವು, ಹತ್ತನೆಯದು ಅಂಗೈಗೆ ಅಂಟಿ ಕೂತಿರುತ್ತಿತ್ತು. ಬೆರಳು ಮಡಚಿದರೆ ಮಣಿಕಟ್ಟು ಹೊರಳುತ್ತದೆ, ಮಣಿಕಟ್ಟು ಹೊರಳಿದರೆ ಬಲ ಭುಜ ಇಳಿಯುತ್ತದೆ, ಭುಜ ಇಳಿದರೆ ಕುತ್ತಿಗೆ ಎಡಕ್ಕೆ ವಾಲುತ್ತದೆ. ಇಷ್ಟನ್ನು ನಾನು ಗಮನಿಸಬೇಕಿತ್ತು. ಊರವರ ಭುಜವನ್ನೆಲ್ಲ ಗಮನಿಸುವವನು ನಾನು.

ಒಂದು ಭಾನುವಾರ ಮಧ್ಯಾಹ್ನ. ಓಣಿಯಲ್ಲಿ ನಾಯಿಯೂ ಇರಲಿಲ್ಲ, ಬಿಸಿಲು ಗೋಡೆಗಳಿಗೆ ಒರಗಿ ನಿಂತಿತ್ತು. ಉಣ್ಣಲು ಕೂತಿದ್ದೆವು. ಅವ್ವ ರೊಟ್ಟಿ ಹಾಕುತ್ತಾ ಕೈ ನಿಲ್ಲಿಸಿದಳು.

"ಯಾಕಲೇ, ಬಟ್ಟು ಮಡಚಿ ಉಣ್ಲಾಕತ್ತಿ? ಗಾಯ ಆಗ್ಯಾದೇನು?"

ನೋಡಿಕೊಂಡೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ರೊಟ್ಟಿ ಮುರಿಯುತ್ತಿದ್ದವು. ಕಿರುಬೆರಳು ತಾಟಿನ ಅಂಚಿನಲ್ಲಿತ್ತು. ಉಂಗುರದ ಬೆರಳು ಇರಲಿಲ್ಲ. ಇತ್ತು, ಒಳಗೆ ಮಡಚಿತ್ತು, ಆದರೆ ನೋಡಿದವರಿಗೆ ಇರಲಿಲ್ಲ. ನಗಬೇಕೆಂದು ಬಾಯಿ ತೆರೆದೆ. ಹೊರಗೆ ಬಂದದ್ದು ನಗುವಲ್ಲ, ಒಂದು ದನಿ. ತಗ್ಗಿದ ದನಿ, ಕಡೆಗೆ ತುಸು ಮೇಲೇರುವಂಥದ್ದು, ಎಲೆಅಡಿಕೆ ಬಾಯಲ್ಲಿಟ್ಟುಕೊಂಡವರದು:

"ಕೈ ನೋಡ್ರಿ. ನನ್ನ ಮಾರಿ ನೋಡಬ್ಯಾಡ್ರಿ."

ಅವ್ವ ತಲೆ ಒಂದು ಕಡೆ ಮಾಡಿ ಆಲಿಸಿದಳು, ಬಾಗಿಲ ಆಟದಲ್ಲಿ ಆಲಿಸುವಂತೆ. "ಇಂವ ಯಾರು? ಇಷ್ಟು ದಿನ ಬಂದಿಲ್ಲಲ್ಲ ಇಂವ."

"ನನಗೂ ಗೊತ್ತಿಲ್ಲವ್ವ," ಎಂದೆ. ಅದೂ ಆ ದನಿಯಲ್ಲೇ ಬಂತು.

ಆಕೆ ಮೊದಲು ನಕ್ಕಳು. ಆಮೇಲೆ ನಗು ನಿಲ್ಲಿಸಿ, ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆಗೆ ತುಸು ಎಳೆದುಕೊಂಡಳು. ನನ್ನ ತಾಯಿ ನನಗೆ ಹೆದರಿದ್ದು ಅದೇ ಮೊದಲು. ನನ್ನ ಜೀವನದಲ್ಲಿ ಯಾರಾದರೂ ನನಗೆ ಹೆದರಿದ್ದೂ ಅದೇ ಮೊದಲು, ಆದರೆ ಹೆಮ್ಮೆಪಡುವ ಹೊತ್ತಾಗಿರಲಿಲ್ಲ.

ಭುಜ ಎತ್ತಿದೆ, ಕುತ್ತಿಗೆ ನೆಟ್ಟಗೆ ಮಾಡಿದೆ, ದನಿ ಹೋಯಿತು. ಬೆರಳು ಹೋಗಲಿಲ್ಲ. ಎಡಗೈಯಿಂದ ಎಳೆದರೆ ಬಿಚ್ಚಿಕೊಳ್ಳುತ್ತಿತ್ತು, ಬಿಟ್ಟರೆ ಮಲಗುವ ಬೆಕ್ಕಿನ ಹಾಗೆ ನಿಧಾನವಾಗಿ ಮತ್ತೆ ಸುತ್ತಿಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಬಗ್ಗಿಸಿ, ತಟ್ಟಿ ನೋಡಿ, "ಏನೂ ಆಗಿಲ್ಲ, ಚಟ" ಎಂದರು. ಗೋದಾಮಿನಲ್ಲಿ ಬೆರಳಿಗೆ ಫೂಟ್‌ಪಟ್ಟಿ ಇಟ್ಟು ರಬ್ಬರ್ ಬ್ಯಾಂಡ್ ಸುತ್ತಿಕೊಂಡು ಕೂತೆ. ಎಲ್ಲರೂ ಬಂದು ನೋಡಿ, "ಇದು ಯಾರ ನಕಲು?" ಎಂದು ಕೇಳಿದರು. ಅಲ್ಲಿಯ ಸಾದಾ ಕೀಬೋರ್ಡಿನಲ್ಲಿ ಹೆಬ್ಬೆರಳು ಇಲ್ಲದ ಕೀಯನ್ನು ಒತ್ತುತ್ತಿತ್ತು, ಉಂಗುರದ ಬೆರಳು ಇದ್ದ ಕೀಯನ್ನು ಮುಟ್ಟುತ್ತಿರಲಿಲ್ಲ. ಗೇಟಿನ ಕಾವಲುಗಾರ ಚೀಟಿ ಹಿಡಿದು ಬಂದ: "ಸಾಹೇಬ್ರ, ಇದರಾಗ 'ಆರಿ ಬಿಡ್ರಿ' ಅಂತ ಅದ. ನನ್ನ ಬಲ್ಲಿ ಬಂದಿದ್ದು ಬರೀ ಲಾರಿ. ಏನ್ ಮಾಡ್ಲಿ?"

ಅಷ್ಟರಲ್ಲಿ ಪರೀಕ್ಷೆಯ ಪ್ರವೇಶ ಪತ್ರ ಬಂತು. ಕೆಳಗೆ ಸಣ್ಣಕ್ಷರದಲ್ಲಿ: ಕೀಗಳ ಜಾಗ ಬದಲಿಸಿದ ಕೀಬೋರ್ಡಿಗೆ ಅನುಮತಿ ಇಲ್ಲ, ಪ್ರತಿ ಕೀ ಒತ್ತಿ ಪರೀಕ್ಷಿಸಲಾಗುವುದು. ಮೂರು ವಾರ ಉಳಿದಿತ್ತು. ಪರೀಕ್ಷೆ ಹೋದರೆ ಇನ್ನೊಂದು ಬರುತ್ತದೆ, ಬೀಳುವುದು ನನಗೆ ರೂಢಿ. ಆದರೆ ಯಾರದೋ ಕೈಯನ್ನು ನನ್ನ ತೋಳಿಗೆ ಹಚ್ಚಿಕೊಂಡು ಜೀವನವಿಡೀ ತಿರುಗುವುದೆಂದರೆ? ಅವ್ವ ಈಗ ಬಾಗಿಲಲ್ಲಿ "ಯಾರು ಬಂದೀರಿ?" ಎಂದು ಕೇಳುವುದನ್ನೇ ಬಿಟ್ಟಿದ್ದಳು. ನನಗೆ ನನ್ನ ಕೈ ವಾಪಸ್ಸು ಬೇಕಿತ್ತು.

ಭಾಲ್ಕಿಗೆ ಹೋದೆ. ಚಾಚಾ ನನ್ನನ್ನು ಕಂಡ ಕೂಡಲೇ "ನಕ್ಕೋ!" ಎಂದರು. ವಾಪಸ್ಸು ಕೊಡಲಿಕ್ಕಲ್ಲ, ಕೇಳಲಿಕ್ಕೆ ಬಂದೆ ಎಂದ ಮೇಲೆ ಚಾ ತರಿಸಿದರು. ನಾನು ಚಾ ಸುರಿದ ಬಶಿ ಎತ್ತಿ ಕುಡಿಯುತ್ತಿದ್ದೆ. ಅವರು ನನ್ನ ಕೈಯನ್ನೇ ನೋಡುತ್ತಿದ್ದರು. ಅವರ ಮಾತಿನ ರೀತಿಯೇ ಬದಲಾಯಿತು.

"ನೀವು ಬೀದರದವರು ಅಂದಿದ್ರಿ."

"ಬೀದರದಾಂವೇರಿ. ಚಿದ್ರಿ."

"ಔರಾದದವರಲ್ಲ?"

"ಔರಾದ ಒಂದು ಸಲನೂ ನೋಡಿಲ್ಲ."

ಚಾಚಾ ಬಶಿ ಕೆಳಗಿಟ್ಟರು. "ಅದು ತಂದು ಕೊಟ್ಟಾಕಿ ಔರಾದದಾಕಿ. ತಹಸೀಲ ಕಚೇರಿ ಎದರಿಗಿ ತಗಡಿನ ಕೆಳಗ ಟೈಪಿಂಗ್ ಮಾಡ್ಲಕ ಕೂಡ್ತಾಳ. ಹೋಗಿ ನೋಡಿ ಬರ್ರಿ. ನನಗ ಏನೂ ಕೇಳಬ್ಯಾಡ್ರಿ." ನನ್ನಂಥವನಿಗೆ ಚಾಚಾ 'ರಿ' ಹಚ್ಚಿ ಮಾತಾಡಿದ್ದು ಕೇಳಿ ಚಾ ಅರ್ಧಕ್ಕೇ ಬಿಟ್ಟು ಎದ್ದೆ.

ಮರುದಿನ ಕೀಬೋರ್ಡನ್ನು ಅದೇ ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ, ನೇರ ಬಸ್ಸು ತಪ್ಪಿದ್ದರಿಂದ ಭಾಲ್ಕಿಗೆ ಹೋಗಿ ಅಲ್ಲಿಂದ ಔರಾದದ ಬಸ್ಸು ಹಿಡಿದೆ. ಎರಡೂ ಕಡೆ ತೊಗರಿ ಹೂವಿಗೆ ಬಂದಿತ್ತು. ಠಾಣಾ ಕುಶನೂರದಲ್ಲಿ ಬಸ್ಸು ನಿಂತಾಗ, ರಸ್ತೆಯ ಬದಿಯ ಹೊಲದಲ್ಲಿ ಸೋಯಾ ಒಕ್ಕಿ ರಾಶಿ ಮಾಡುವ ಮಷೀನು ಓಡುತ್ತಿತ್ತು. ಆ ಧಡಧಡ ಕೇಳುತ್ತಿದ್ದಂತೆ ನನ್ನ ಬೆರಳು ಅಂಗೈಯೊಳಗೆ ಇನ್ನಷ್ಟು ಹುದುಗಿತು, ಉಗುರು ಚರ್ಮಕ್ಕೆ ಒತ್ತುವಷ್ಟು. ಬಸ್ಸು ಮುಂದೆ ಹೋಗಿ ಸದ್ದು ಕಡಿಮೆಯಾದ ಮೇಲೆ ಸಡಿಲಾಯಿತು. ಪಕ್ಕದ ಸೀಟಿನ ಅಜ್ಜ, "ಚಳಿ ಹತ್ಯಾದೇನು ತಮ್ಮಾ?" ಎಂದು ಕೇಳಿದ. ಮಧ್ಯಾಹ್ನ ಹನ್ನೆರಡರ ಬಿಸಿಲು. ಹೌದು ಎಂದೆ.

ತಗಡಿನ ಚಪ್ಪರ ಹುಡುಕುವುದು ಕಷ್ಟವಾಗಲಿಲ್ಲ, ಸದ್ದೇ ಕರೆಯಿತು. ಒಂದು ಸಾಲಿನಲ್ಲಿ ನಾಲ್ಕು ಮೇಜು, ನಾಲ್ಕು ಮಂದಿ. ಮೀಸೆ ಬೆಳ್ಳಗಾದ ಒಬ್ಬ ಹಿರಿಯರು, ಇಬ್ಬರು ನನ್ನ ವಯಸ್ಸಿನವರು, ಕಡೆಯ ಮೇಜಿನಲ್ಲಿ ಮೂವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಊಟದ ಹೊತ್ತು, ಗಿರಾಕಿಗಳು ಇರಲಿಲ್ಲ. ಆದರೂ ನಾಲ್ವರೂ ಟೈಪ್ ಮಾಡುತ್ತಿದ್ದರು. ನಾಲ್ವರ ಬಲ ಭುಜವೂ ಇಳಿದಿತ್ತು. ನಾಲ್ವರ ಕುತ್ತಿಗೆಯೂ ಎಡಕ್ಕೆ ವಾಲಿತ್ತು. ನಾಲ್ಕು ಬಲಗೈಗಳಲ್ಲಿ ಉಂಗುರದ ಬೆರಳು ಇರಲಿಲ್ಲ.

ಹತ್ತಿರ ಹೋಗಿ ನೋಡಿದೆ. ಇದ್ದವು. ಎಲ್ಲವೂ ಇದ್ದವು, ಮಡಚಿಕೊಂಡು.

ನಾನು ಊರೆಲ್ಲ ತಿರುಗಿ ಒಬ್ಬೊಬ್ಬರ ನಕಲು ಮಾಡಿದವನು. ನನ್ನ ನಕಲನ್ನು ನಾಲ್ಕು ಮಂದಿ ಒಟ್ಟಿಗೆ ಮಾಡುತ್ತ ಕೂತದ್ದನ್ನು ಮೊದಲ ಸಲ ನೋಡಿದೆ. ಯಾರು ಯಾರನ್ನು ಅಣಕಿಸುತ್ತಿದ್ದಾರೆ ಎಂದು ಒಂದು ಕ್ಷಣ ತಿಳಿಯಲಿಲ್ಲ. ಕಂಕುಳಲ್ಲಿದ್ದ ಗಂಟು ಜಾರಿತು, ಬಲಗೈಯಿಂದ ಹಿಡಿದೆ. ಹಿರಿಯರು ತಲೆ ಎತ್ತಿ ನನ್ನ ಕೈ ನೋಡಿದರು. ಸಂಬಂಧಿಕರನ್ನು ಕಂಡಂತೆ ಅವರ ಮುಖ ಅರಳಿತು.

"ಬರ್ರಿ, ಬರ್ರಿ. ನೀವು ಯಾವ ಬ್ಯಾಚ್ರಿ?"

ಹೆದರಿದಾಗ ಚೇಷ್ಟೆ ಮಾಡುವುದು ನನ್ನ ಹಾಳು ಗುಣ. ಏನಾದರೂ ಹೇಳಬೇಕಿತ್ತು. ಭುಜ ಆಗಲೇ ಇಳಿದಿತ್ತು.

"ಕೈ ನೋಡ್ರಿ," ಎಂದೆ. "ನನ್ನ ಮಾರಿ ನೋಡಬ್ಯಾಡ್ರಿ."

ನಾಲ್ಕೂ ಕೀಬೋರ್ಡುಗಳು ಒಟ್ಟಿಗೆ ನಿಂತವು. ತಗಡಿನ ಮೇಲೆ ಕಾಗೆ ನಡೆಯುವುದು ಕೇಳಿಸಿತು. ಯಾರೂ ನನ್ನ ಮುಖ ನೋಡಲಿಲ್ಲ. ನಾಲ್ವರೂ ತಂತಮ್ಮ ಕೈ ನೋಡಿಕೊಳ್ಳುತ್ತ ಕೂತರು, ಶಾಲೆಯ ಮಕ್ಕಳಂತೆ.

ಕಡೆಯ ಮೇಜಿನಾಕೆ ಎದ್ದು ಬಂದಳು. "ಎಲ್ಲಿ ಕಲತೀರಿ ಇದು?"

ಬಟ್ಟೆ ಬಿಚ್ಚಿ ಕೀಬೋರ್ಡು ತೋರಿಸಿದೆ. ಭಾಲ್ಕಿ, ಚಾಚಾ, ಎರಡು ಸತ್ತ ಕೀ, ರೊಟ್ಟಿ, ಎಲ್ಲ ಹೇಳಿದೆ. "ನನಗ ನಿಮ್ಮ ಕೀಬೋರ್ಡ್ ಬ್ಯಾಡ್ರಿ ಅಕ್ಕಾವ್ರ. ನನ್ನ ಬಟ್ಟು ನನಗ ಬಿಚ್ಚಿ ಕೊಡ್ರಿ, ಸಾಕು."

ಆಕೆ ನನಗೊಂದು ಸ್ಟೂಲು ಕೊಟ್ಟಳು. ಕೀಬೋರ್ಡು ಅವಳ ತಂದೆಯದು. ಅವರು ಠಾಣಾ ಕುಶನೂರದವರು. ಹರೆಯದಲ್ಲಿ ರಾಶಿ ಮಷೀನಿಗೆ ಬಲಗೈಯ ಉಂಗುರದ ಬೆರಳು ಹೋಯಿತು, ಅರ್ಧ ತುಂಡು ಉಳಿಯಿತು. ಹೊಲದ ಕೆಲಸ ಬಿಟ್ಟು ಔರಾದಕ್ಕೆ ಬಂದು ಟೈಪಿಂಗ್ ಕಲಿತು, ಕಲಿಸತೊಡಗಿದರು. ಪುಸ್ತಕವಿಲ್ಲ, ಗೋಡೆಗೆ ಚಿತ್ರವಿಲ್ಲ. ಕೈ ನೋಡ್ರಿ, ಹಂಗೇ ಮಾಡ್ರಿ, ಅಷ್ಟೇ. ಇಲ್ಲದ ಬೆರಳನ್ನೂ ಹುಡುಗರು ನೋಡಿ ಕಲಿತರು. ಆ ತುಂಡು ಬೆರಳು ತಗುಲಿ ಲ ಬೀಳಬಾರದೆಂದು ಒಬ್ಬ ಶಿಷ್ಯ ಆ ಎರಡು ಕೀಗಳನ್ನು ಸಾಯಿಸಿ, ಹೆಬ್ಬೆರಳಿಗೆ ಹಚ್ಚಿಕೊಟ್ಟಿದ್ದ.

"ಹಂಗಾದ್ರ ಔರಾದದಾಗ ಟೈಪ್ ಮಾಡೋರೆಲ್ಲ ಹಿಂಗೇನು?" ಎಂದು ಕೇಳಿದೆ.

"ಇಲ್ರಿ. ನಾವು ಐದು ಮಂದಿನೇ." ಆಕೆ ಮೇಜಿನ ಖಾನೆಯಿಂದ ಒಂದು ಕಟ್ಟಿ‍ಗೆಯ ಫೂಟ್‌ಪಟ್ಟಿ ತೆಗೆದಳು. ಅಂಚೆಲ್ಲ ಸವೆದಿತ್ತು. "ಅಪ್ಪಗ ಗೊತ್ತಿತ್ತು. ದಿನಾ ಕ್ಲಾಸ್ ಮುಗದ ಮ್ಯಾಲೆ ಒಬ್ಬೊಬ್ಬರ ಬಲ್ಲಿ ಬರ್ತಿದ್ರು. ನಾವು ಎರಡೂ ಕೈ ಮೇಜಿನ ಮ್ಯಾಲೆ ಇಡಬೇಕು. ಈ ಪಟ್ಟಿ ಬಟ್ಟಿನ ಮ್ಯಾಲೆ ಇಟ್ಟು, ಅದು ಸೀದಾ ಆಗೂ ತನಕ ಹಗೂರಕ ಒತ್ತಿ, ಒಂದು ಮಾತು ಅಂತಿದ್ರು. ಆಮ್ಯಾಲ ಮನಿಗಿ ಬಿಡ್ತಿದ್ರು. ಅದಕ್ಕ ಹಳೇ ಬ್ಯಾಚಿನವರಿಗಿ ಏನೂ ಆಗಿಲ್ಲ."

"ನಿಮಗ?"

ಹಿರಿಯರು ಉತ್ತರ ಕೊಟ್ಟರು. "ನಮ್ಮದು ಕಡೀ ಬ್ಯಾಚ್ರಿ. ಒಂದಿನ ಇದೇ ಹೊತ್ತು, ಕ್ಲಾಸ್ ನಡದಿತ್ತು. ಸರ್ ಮಗಳ ಕೈ ನೋಡ್ಲಕ ಬಗ್ಗಿದ್ರು. ಮ್ಯಾಲ ಏಳಲಿಲ್ಲ." ಅವರು ಮಡಚಿದ ಬೆರಳನ್ನು ಎಡಗೈಯಿಂದ ತೀಡಿಕೊಂಡರು. "ನಮಗ ಕ್ಲಾಸ್ ಬಿಟ್ಟೇ ಇಲ್ರಿ."

ನಾನು ಆ ಕೀಬೋರ್ಡಿನಿಂದ ಮಡಚುವುದನ್ನು ಕಲಿತಿದ್ದೆ. ಬಿಚ್ಚುವುದು ಅದರಲ್ಲಿ ಇರಲಿಲ್ಲ, ಅದು ಆ ಪಟ್ಟಿಯಲ್ಲಿತ್ತು.

"ನೀವೇ ಒತ್ತಿ ನೋಡಲಿಲ್ಲೇನ್ರಿ?"

"ಭಾಳ ಸಲ ನೋಡೀವಿ. ನಮ್ಮ ದನಿ ಅದಕ್ಕ ಕೇಳೂದಿಲ್ಲ." ಆಕೆ ಪಟ್ಟಿಯನ್ನು ನನ್ನ ಮುಂದಿಟ್ಟಳು. "ಆ ಕೀಬೋರ್ಡ್ ಮನ್ಯಾಗ ಇದ್ರ ಅಪ್ಪ ಇನ್ನೂ ಬಗ್ಗಿ ನಿಂತಂಗೇ ಅನಸ್ತಿತ್ತು. ಅದಕ್ಕೇ ಮಾರಿದೆ. ಈಗ ನೀವೇ ತಗೊಂಡು ಬಂದೀರಿ. ಅವರು ಅಂತಿದ್ದ ಮಾತು ನಿಮಗ ಬರ್ತದೇನು, ನೋಡ್ರಿ."

ಭುಜ ಇಳಿಸಿದೆ, ಕುತ್ತಿಗೆ ವಾಲಿಸಿದೆ, ಕಾದೆ. 'ಕೈ ನೋಡ್ರಿ' ಮಾತ್ರ ನಾಲಿಗೆಯ ತುದಿಗೆ ಬಂತು. ಬೇರೇನೂ ಬರಲಿಲ್ಲ. ಇಲ್ಲವೆಂದು ತಲೆ ಆಡಿಸಿದೆ. ಬಂದದ್ದು ಅಪ್ಪನಲ್ಲ, ಬರೀ ನಕಲು ಎಂದು ಆಕೆಗೆ ಸಮಾಧಾನವಾದಂತೆ ಕಂಡಿತು. ಮಾತನ್ನು ಆಕೆಯೇ ಹೇಳಿಕೊಟ್ಟಳು. ನನ್ನ ಕಿವಿಯ ಹತ್ತಿರ, ಉಳಿದವರಿಗೆ ಕೇಳದಂತೆ.

"ನಮ್ಮ ಕ್ಲಾಸ್ ಬಿಡ್ರಿ," ಎಂದರು ಹಿರಿಯರು, ಎರಡೂ ಅಂಗೈ ಮೇಜಿನ ಮೇಲೆ ಇಟ್ಟು.

ನಾನು ನಾಟಕದವನಂತೆ ಎಷ್ಟೋ ಕಡೆ ನಿಂತಿದ್ದೇನೆ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಗೋದಾಮಿನ ಗೇಟಿನಲ್ಲಿ. ಎಲ್ಲ ಕಡೆ ನಗಿಸಲಿಕ್ಕೆ. ಆ ಹಗಲು ಯಾರನ್ನೂ ನಗಿಸದೆ, ಪಟ್ಟಿ ಹಿಡಿದು ಮೊದಲ ಮೇಜಿಗೆ ನಡೆದೆ. ಪಟ್ಟಿಯನ್ನು ಬೆರಳಿನ ಮೇಲಿಟ್ಟು ಒತ್ತಿದೆ. ದನಿ ತಾನೇ ಬಂತು.

"ನನ್ನದು ನನಗಿರಲಿ. ನಿಮ್ಮದು ನಿಮಗ. ನಡೀರಿ."

ಹಿರಿಯರ ಬೆರಳು ಪಟ್ಟಿಯ ಕೆಳಗೆ ಒಂದು ಸಲ ನಡುಗಿ, ಚಾಚಿಕೊಂಡಿತು. ಪಟ್ಟಿ ಎತ್ತಿದೆ. ಹಾಗೆಯೇ ಇತ್ತು. ಅವರು ಕೈಯನ್ನು ತಿರುವಿ ತಿರುವಿ ನೋಡಿಕೊಂಡು, ಟೊಪ್ಪಿಗೆ ತಗೊಂಡು ಚಪ್ಪರದಿಂದ ಹೊರಗೆ ಹೋದರು. ಕ್ಲಾಸು ಬಿಟ್ಟಿತಲ್ಲ. ಇಬ್ಬರು ಹುಡುಗರೂ ಹಾಗೇ ಹೋದರು. ಕಡೆಗೆ ಆಕೆ. ಆಕೆ ಕಣ್ಣು ಮುಚ್ಚಿದ್ದಳು. ನಾನು ಮಾತು ಮುಗಿಸಿದ ಮೇಲೂ ತುಸು ಹೊತ್ತು ಮುಚ್ಚಿಯೇ ಇದ್ದಳು.

"ಈಗ ನಿಮ್ಮದು," ಎಂದಳು ಕಣ್ಣು ತೆರೆದು. "ಅಪ್ಪನ ದನಿ ನನಗ ಬರೂದಿಲ್ಲ ಮತ್ತ."

"ನಾ ನಿಮ್ಮಪ್ಪನ್ನ ಕಂಡಿಲ್ರಿ. ನನಗ ನಿಮ್ಮ ದನಿನೇ ಸಾಕು."

ಆಕೆ ಪಟ್ಟಿ ಒತ್ತಿ ಅದೇ ಮಾತು ಹೇಳಿದಳು, ತನ್ನ ದನಿಯಲ್ಲಿ, ಸ್ವಲ್ಪ ನಾಚಿಕೊಂಡು. ನನ್ನ ಬೆರಳು ಏನೂ ಮಾಡಲಿಲ್ಲ. ಇಬ್ಬರೂ ಅದನ್ನೇ ನೋಡುತ್ತ ಕೂತೆವು. "ನೀವು ಹೊಸಬ್ರು, ಹೊತ್ತು ಹಿಡೀತದ," ಎಂದು ಆಕೆ ಕೀಬೋರ್ಡು ಎಳೆದುಕೊಂಡಳು. ಸತ್ತ ಎರಡು ಸ್ವಿಚ್ಚುಗಳನ್ನು ಚಿಮಟದಿಂದ ಕಿತ್ತು, ಹೊಸವನ್ನು ಕೂಡಿಸಿ, ಹೆಬ್ಬೆರಳಿನ ಕೀಗಳನ್ನು ಮೊದಲಿನಂತೆ ಮಾಡಿ ಕೊಟ್ಟಳು. ಕಿತ್ತ ಎರಡನ್ನು ತನ್ನ ಖಾನೆಯಲ್ಲಿ ಪಟ್ಟಿಯ ಪಕ್ಕ ಇಟ್ಟುಕೊಂಡಳು.

"ಐದು ಮಂದಿ ಅಂದ್ರಿ," ನೆನಪಾಗಿ ಕೇಳಿದೆ. "ಇಲ್ಲಿ ನಾಲ್ಕೇ ಮಂದಿ."

"ಒಬ್ಬಾಕಿ ಮದಿವ್ಯಾಗಿ ಬೀದರಕ್ಕ ಹೋದಳು. ಎಲ್ಲಿರ್ತಾಳ ಗೊತ್ತಿಲ್ಲ."

ಬೀದರದ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಎಷ್ಟೋ ದೂರ ಬಂದ ಮೇಲೆ, ತಿರುವಿನಲ್ಲಿ ಬಸ್ಸು ವಾಲಿದಾಗ, ಮೇಲಿನ ಕಂಬಿಯನ್ನು ಐದೂ ಬೆರಳಿನಿಂದ ಹಿಡಿದಿರುವುದು ಕಂಡಿತು. ಯಾವ ಊರಲ್ಲಿ ಬಿಚ್ಚಿತೋ ಗೊತ್ತಿಲ್ಲ.

ಮನೆಯ ಬಾಗಿಲು ತಳ್ಳಿದೆ. ಒಳಗೆ ಸದ್ದಿಲ್ಲ. ನಾನೇ ಕೂಗಿದೆ: "ಅವ್ವಾ, ಕೇಳು."

ಸ್ವಲ್ಪ ತಡೆದು, ಹುಷಾರಾಗಿ: "ಯಾರು ಬಂದೀರಿ?"

"ನಾನಽ."

ಆಕೆ ಹೊರಗೆ ಬಂದು ನನ್ನ ಕೈ ಹಿಡಿದು ಬೆರಳು ಎಣಿಸಿದಳು. "ಮತ್ತ ಅವರು?"

"ಹೋದ್ರು."

"ಚಾ ಕುಡದು ಹೋಗಬೇಕಿತ್ತು," ಎಂದಳು.

ಆಮೇಲೆ ಆ ದನಿಯನ್ನು ಎಷ್ಟೋ ಸಲ ಹುಡುಕಿದೆ. ಭುಜ ಇಳಿಸಿ, ಬೆರಳು ಮಡಚಿ, ಎಲೆಅಡಿಕೆ ಹಾಕಿಕೊಂಡೂ ನೋಡಿದೆ. ಎಲೆಅಡಿಕೆ ಹಾಕಿಕೊಂಡ ನಾನೇ ಬರುತ್ತೇನೆ.

ಪರೀಕ್ಷೆ ಬೀದರದಲ್ಲೇ ಆಯಿತು. ಮೇಲ್ವಿಚಾರಕರು ನನ್ನ ಕೀಬೋರ್ಡಿನ ಪ್ರತಿ ಕೀ ಒತ್ತಿ ನೋಡಿ ಒಳಗೆ ಬಿಟ್ಟರು. ಹತ್ತು ಬೆರಳಿನಲ್ಲಿ ನಾನು ಮತ್ತೆ ಹಳೆಯ ಎತ್ತಿನ ಬಂಡಿ. ಆದರೆ ಲ ಬಂದಾಗಲೆಲ್ಲ ನನ್ನದೇ ಬೆರಳು ಹೋಗಿ ಬಡಿದು ಬರುತ್ತಿತ್ತು, ಅದರ ಖುಷಿಗೆ ಎರಡು ತಪ್ಪು ಹೆಚ್ಚೇ ಆಗಿರಬೇಕು. ನಡುವೆ ಒಂದು ಸಲ ಕೈ ನಿಂತಿತು. ಮುಂದಿನ ಸಾಲಿನ ಕಿಟಕಿಯ ಬದಿಯಿಂದ ಒಂದು ಓಟ ಕೇಳಿಸುತ್ತಿತ್ತು. ನನ್ನ ಕಿವಿ ಸುಳ್ಳು ಹೇಳುವುದಿಲ್ಲ. ಒಂಬತ್ತು ಬೆರಳಿನದು, ಲ ಬಂದಾಗಲೆಲ್ಲ ಪಕ್ಕದ ಬೆರಳು ಸರಿದು ಬಡಿಯುತ್ತಿತ್ತು.

ಬೆಲ್ ಹೊಡೆಯಿತು. ಎಲ್ಲರೂ ಕೀಬೋರ್ಡು ಕಂಕುಳಲ್ಲಿಟ್ಟುಕೊಂಡು ಹೊರಗೆ ನೂಕಾಡಿದರು. ಕಿಟಕಿಯ ಬದಿಯ ಹೆಣ್ಣುಮಗಳು ಏಳಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು, ಯಾರೋ ಬರಬೇಕೆಂಬಂತೆ ಕೂತಿದ್ದಳು. ಬಲಗೈಯಲ್ಲಿ ಉಂಗುರದ ಬೆರಳು ಇರಲಿಲ್ಲ.

ಹತ್ತಿರ ಹೋದೆ. ದನಿ ನನ್ನ ಬಳಿ ಇಲ್ಲವೆಂದು ಗೊತ್ತಿತ್ತು. ಪಟ್ಟಿಯೂ ಇರಲಿಲ್ಲ. ಜೇಬಿನಲ್ಲಿ ಪೆನ್ನಿತ್ತು.

"ಅಕ್ಕಾವ್ರ," ಎಂದೆ ನನ್ನ ಆ ಸಪ್ಪೆ ದನಿಯಲ್ಲಿ, "ಕ್ಲಾಸ್ ಬಿಟ್ಟದ್ರಿ."

ಆಕೆ ಬೆಚ್ಚಿ ತಿರುಗಿದಳು. ನನ್ನ ಮುಖ ನೋಡಲಿಲ್ಲ, ನೇರ ನನ್ನ ಕೈಯನ್ನೇ ನೋಡಿದಳು.

"ನೀವು ಯಾವ ಬ್ಯಾಚ್ರಿ?"

"ನಿಮ್ಮದೇರಿ," ಎಂದು ಪೆನ್ನನ್ನು ಆ ಬೆರಳಿನ ಮೇಲೆ ಅಡ್ಡ ಇಟ್ಟು, ಹಗುರವಾಗಿ ಒತ್ತಿದೆ.